ಜುಂ ಅನ್ನುತ್ತಿದ್ದ ಹಾಡಿನ ಪೆಟ್ಟಿಗೆ

ಈಗ ನಾನು ಯಾರ ಮನೆಗೆ ಹೋದರೂ ಮೊದಲು ನೋಡುವುದು ಗೋಡೆಯ ಪ್ಲಗ್ಗನ್ನು. ಅವರು ಕೊಟ್ಟ ನೀರಿನ ಲೋಟ ಕೈಯಲ್ಲಿರುತ್ತದೆ, ಕಣ್ಣು ಮಾತ್ರ ಸ್ವಿಚ್ ಬೋರ್ಡಿನಲ್ಲಿ ಎರಡು ತೂತಿದೆಯೋ ಮೂರಿದೆಯೋ ಎಂದು ಹುಡುಕುತ್ತಿರುತ್ತದೆ. ಮದುವೆ ಮನೆಯಲ್ಲಿ ಸೀರಿಯಲ್ ಸೆಟ್ಟಿನ ವೈರನ್ನು ಕಬ್ಬಿಣದ ಕಂಬಕ್ಕೆ ಸುತ್ತಿದ್ದರೆ ಆ ಕಂಬದಿಂದ ದೂರ ಹೋಗಿ ಊಟಕ್ಕೆ ಕೂರುತ್ತೇನೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ವಿದ್ಯುತ್ತಿನ ಪಾಠದಲ್ಲಿ ‘ಭೂಸಂಪರ್ಕ ತಂತಿ’ ಎಂಬ ಮಾತು ಬಂದರೆ ನನ್ನ ದನಿ ತಾನಾಗಿ ಏರುತ್ತದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಾರೆ. ನಗಲಿ. ಒಂದು ಬೆಳಿಗ್ಗೆ ನಮ್ಮ ಅತ್ತೆಯ ಕೈ ಹಾಡಿನ ಪೆಟ್ಟಿಗೆಗೆ ಕಚ್ಚಿಕೊಂಡು ನಿಂತದ್ದನ್ನು ಮೂರು ಅಡಿ ದೂರದಿಂದ ನೋಡಿದವಳು ನಾನು. ಅತ್ತೆ ಈಗ ಚೆನ್ನಾಗಿದ್ದಾರೆ. ನಾನೇ ಇನ್ನೂ ಪೂರ್ತಿ ಸರಿಯಾಗಿಲ್ಲ.

ಆ ಪೆಟ್ಟಿಗೆ ಹೊಳವನಹಳ್ಳಿಯ ನಮ್ಮ ಮನೆಗೆ ಬಂದದ್ದೇ ಅತ್ತೆಗಾಗಿ. ಅವರ ಹತ್ತಿರ ಎರಡು ಚೀಲದ ತುಂಬ ಕ್ಯಾಸೆಟ್ಟುಗಳಿದ್ದವು. ಅಂಗಡಿಯಿಂದ ತಂದ ಜನಪದ ಹಾಡು, ದೇವರ ಹಾಡುಗಳ ಜೊತೆಗೆ ಅವರೂ ಅವರ ಜೊತೆಗಾತಿಯರೂ ಮದುವೆಗಳಲ್ಲಿ ಹಾಡಿದ ಸೋಬಾನೆಗಳೂ ಇದ್ದವು. ಅವನ್ನೆಲ್ಲ ಮನೆಯ ಟೇಪ್ ರೆಕಾರ್ಡರಿನಲ್ಲೇ ಹಿಡಿದಿಟ್ಟಿದ್ದರು. ಆ ಟೇಪ್ ರೆಕಾರ್ಡರಿಗೆ ವಯಸ್ಸಾಗಿ, ಹಾಕಿದ ಕ್ಯಾಸೆಟ್ಟಿನ ರೀಲನ್ನು ಶ್ಯಾವಿಗೆಯಂತೆ ಹೊರಗೆ ಎಳೆದು ಹಾಕತೊಡಗಿತ್ತು. ಅತ್ತೆ ಪೆನ್ಸಿಲ್ ತೂರಿಸಿ ಸುತ್ತುತ್ತಾ ಕೂರುತ್ತಿದ್ದರು. ಹಾಡಿಲ್ಲದೆ ಅವರಿಗೆ ಸೊಪ್ಪು ಬಿಡಿಸಲೂ ಕೈ ಓಡುವುದಿಲ್ಲ.

ನನ್ನ ಗಂಡನಿಗೆ ಬಲಸಮುದ್ರದ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಕೆಲಸ. ಪಾವಗಡದಲ್ಲಿ ರೂಮು ಮಾಡಿಕೊಂಡಿದ್ದು, ಶನಿವಾರ ಸಂಜೆ ಊರಿಗೆ ಬರುತ್ತಾರೆ. ಒಂದು ಶನಿವಾರ ಬರುವಾಗ ಮಧುಗಿರಿಯ ರಿಪೇರಿ ಅಂಗಡಿಯಿಂದ ಯಾವುದೋ ಆಫೀಸು ಬೇಡವೆಂದು ಕೊಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ತಂದರು. ಕಬ್ಬಿಣದ ಡಬ್ಬ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. “ಇದು ಇನ್ನು ಮೇಲೆ ನಮ್ಮ ಮ್ಯೂಸಿಕ್ ಸರ್ವರ್. ಎಲ್ಲಾ ಹಾಡೂ ಇದರೊಳಗೆ. ಅಮ್ಮ ಅಡುಗೆಮನೇಲಿ ಕೇಳಬಹುದು, ನಾನು ಪಾವಗಡದ ರೂಮಲ್ಲಿ ಫೋನಲ್ಲಿ ಕೇಳಬಹುದು” ಎಂದರು. ಬಿಟ್ಟಿ ಸಿಗುವ ಸಾಫ್ಟ್‌ವೇರನ್ನು ಅವರೇ ಹಾಕಿದರು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಹಾರ್ಡ್ ಡಿಸ್ಕ್ ಕೂರಿಸಿ, ಎರಡರಲ್ಲೂ ಅವೇ ಹಾಡುಗಳು ಇರುವಂತೆ ಮಾಡಿದರು.

ಎದುರುಮನೆಯಾಕೆ ಮರುದಿನವೇ ಬಂದರು. ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವರು, ಅತ್ತೆಯ ಜೊತೆ ದಿನಕ್ಕೆ ಎರಡು ಸಲವಾದರೂ ಜಗಳವಾಡದಿದ್ದರೆ ಊಟ ಸೇರದವರು. “ಅಕ್ಕಯ್ಯಾ, ನಿಮ್ಮನೇಲಿ ಸರ್ವರ್ ಐತಂತೆ? ರೇಷನ್ ಅಂಗ್ಡೀಲಿ ನೋಡುದ್ರೆ ದಿನಾ ಸರ್ವರ್ ಇಲ್ಲ, ನಾಳೆ ಬಾ ಅಂತಾನೆ. ನಿಮ್ಮನೇಗ್ ತಂದಿಟ್ಕೊಂಡಿದೀರಾ?” ಎಂದರು.

“ಊಂ ಕಣೆ. ಬಾ, ಹೆಬ್ಬೆಟ್ ಒತ್ತು. ಅಕ್ಕಿ ಕೊಡಲ್ಲ, ಹಾಡು ಕೊಡ್ತೈತೆ” ಎಂದರು ಅತ್ತೆ.

ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸುವುದು ಅವಸರದ ಕೆಲಸವಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು. ಒಳ್ಳೆಯ ಟೇಪ್ ರೆಕಾರ್ಡರೊಂದನ್ನು ನಮ್ಮ ಶಾಲೆಯಿಂದ ಎರವಲು ತಂದಿದ್ದೆ. ಎರಡು ತಿಂಗಳ ಭಾನುವಾರಗಳು ಅದರಲ್ಲೇ ಕಳೆದವು. ಇಳಿಸುವುದು ಅವರ ಪಾಲಿಗೆ, ಹೆಸರು ಬರೆಯುವುದು ನನ್ನ ಪಾಲಿಗೆ. ಸಾಫ್ಟ್‌ವೇರು ಪ್ರತಿ ಹಾಡಿಗೂ ಹಾಡಿದವರು ಯಾರು, ಯಾವ ವರ್ಷ, ಯಾವ ಪ್ರಕಾರ ಎಂದು ಕೇಳುತ್ತಿತ್ತು. ನಾನು ಅತ್ತೆಯನ್ನು ಕೇಳುತ್ತಿದ್ದೆ.

“ಇದನ್ನ ಹಾಡಿರೋದು ಯಾರು ಅತ್ತೆ?”

“ಯಾರೋ ಹಾಡವ್ರೆ ಬುಡು. ಅದು ಅವರೆಕಾಯಿ ಬಿಡಿಸೋವಾಗ ಕೇಳೋದು.”

“ಇದು?”

“ಇದು ನೆಂಟ್ರು ಎದ್ದೋದ್ಮೇಲೆ.”

ಮೊದಮೊದಲು ನನಗೆ ಸಿಟ್ಟು ಬಂತು. ಆಮೇಲೆ ಇದೇ ಸರಿ ಅನ್ನಿಸಿತು. ಹಾಗೆ ನಮ್ಮ ಸರ್ವರಿನಲ್ಲಿ ಹಾಡುಗಳ ಪ್ರಕಾರ ಹೀಗಾದವು: ‘ಹಿಟ್ಟು ತೊಳಸೋವಾಗ’, ‘ಸೊಪ್ಪು ಬಿಡಿಸೋವಾಗ’, ‘ನೆಂಟ್ರು ಎದ್ದೋದ್ಮೇಲೆ’, ‘ಸುಮ್ಕೆ ಕೂತಾಗ’. ಕೊನೆಯದರಲ್ಲಿ ಮೂರೇ ಹಾಡು. ಅತ್ತೆ ಸುಮ್ಮನೆ ಕೂರುವುದು ಅಷ್ಟೇ.

ಅತ್ತೆಗೆ ಫೋನಿನಲ್ಲಿ ಹಾಡು ಹುಡುಕುವುದು ಬೇಡವಾಗಿತ್ತು. “ಒಂದು ಗುಂಡಿ ಇರ್ಲಿ. ಒತ್ತುದ್ರೆ ಹಾಡ್ಲಿ, ಒತ್ತುದ್ರೆ ಸುಮ್ಕಾಗ್ಲಿ” ಎಂದರು. ನನ್ನ ಗಂಡ ಡಬ್ಬದ ಮುಂದಿದ್ದ ಪವರ್ ಗುಂಡಿಯನ್ನೇ ಹಾಗೆ ಮಾಡಿಕೊಟ್ಟರು. ಹಳೆಯ ಆಂಪ್ಲಿಫೈಯರಿನ ಬೋರ್ಡೊಂದನ್ನು ಡಬ್ಬದೊಳಗೇ ತಿರುಪು ಹಾಕಿ ಕೂರಿಸಿ, ಸ್ಪೀಕರನ್ನು ಅಡುಗೆಮನೆಯ ಬಾಗಿಲ ಮೇಲಕ್ಕೆ ತಗುಲಿಹಾಕಿದರು. ನಡುಮನೆಯ ಗೂಡಿನಲ್ಲಿ ಪೆಟ್ಟಿಗೆ ಕೂತಿತು. ಪ್ಲಗ್ ಹಾಕಲು ಹೋದರೆ ಗೋಡೆಯ ಬೋರ್ಡು ಮಾವನವರ ಕಾಲದ್ದು, ಎರಡೇ ತೂತು. ಕಂಪ್ಯೂಟರಿನ ಪ್ಲಗ್ಗಿಗೆ ಮೂರು ಕಡ್ಡಿ. ಮೇಲಿನ ದಪ್ಪ ಕಡ್ಡಿಗೆ ಜಾಗವೇ ಇಲ್ಲ.

“ಆಕ್ಸಾ ಬ್ಲೇಡ್ ಕೊಡು” ಎಂದರು.

“ರೀ, ಅದು ಅರ್ತ್ ಪಿನ್ನು.”

“ಏಂ ಕಾದು” ಎಂದರು. ಪಾವಗಡಕ್ಕೆ ಹೋದ ಮೇಲೆ ಕಲಿತ ತೆಲುಗು ಅದು, ಏನೂ ಆಗಲ್ಲ ಎಂದು. ಅಲ್ಲಿ ತಲೆಗೆ ಹೆಲ್ಮೆಟ್, ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಬೂಟು ಹಾಕಿಕೊಳ್ಳದೆ ಗೇಟಿನೊಳಗೂ ಬಿಡುವುದಿಲ್ಲವಂತೆ. ಮನೆಗೆ ಬಂದರೆ ಬರೀ ಲುಂಗಿ, ಏಂ ಕಾದು. ನಾನು ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿದವಳು. ಆ ದಪ್ಪ ಕಡ್ಡಿ ಏಕಿದೆ ಎಂದು ವರ್ಷಕ್ಕೆ ಮೂರು ಸೆಕ್ಷನ್ನಿಗೆ ಪಾಠ ಮಾಡುವವಳು. ಒಳಗೆ ಹೋಗಿ ಬ್ಲೇಡು ತಂದುಕೊಟ್ಟೆ. ಅದನ್ನು ನಾನು ಮರೆತಿಲ್ಲ, ಮರೆಯಬಾರದು ಕೂಡ.

ಪೆಟ್ಟಿಗೆ ಹಾಡತೊಡಗಿತು. ಸ್ವಲ್ಪ ದಿನಕ್ಕೆ ಅತ್ತೆ ಒಂದು ಮಾತು ಶುರುಮಾಡಿದರು. “ಈ ಪೆಟ್ಟಿಗೇಲಿ ಹಾಡು ಕೇಳುದ್ರೆ ಮೈಯೆಲ್ಲಾ ಜುಂ ಅಂತೈತೆ ಕಣಮ್ಮ. ಆ ಟೇಪ್ ರೆಕಾಡ್ರಲ್ಲಿ ಇಂಗಿರ್ಲಿಲ್ಲ.”

ನಮಗೆ ಆದ ಖುಷಿ ಹೇಳತೀರದು. ನನ್ನ ಗಂಡ ಫೋನಿನಲ್ಲಿ ಅರ್ಧ ಗಂಟೆ ಸೌಂಡ್ ಕ್ವಾಲಿಟಿಯ ಬಗ್ಗೆ ಮಾತಾಡಿದರು. ಕ್ಯಾಸೆಟ್ಟಿನ ಗೊರಗೊರ ಸದ್ದನ್ನು ಅವರು ತೆಗೆದಿದ್ದಕ್ಕೇ ಹಾಗಂತೆ. ಅತ್ತೆ ದಿನವೂ ವರದಿ ಕೊಡುತ್ತಿದ್ದರು. ಇವತ್ತು ಸೋಬಾನೆಗೆ ಬಹಳ ಜುಂ ಅಂದಿತು, ಇವತ್ತು ದೇವರ ಹಾಡಿಗೆ ಸ್ವಲ್ಪವೇ. ಬೇಸಿಗೆ ಏರಿದಂತೆ ಅವರ ಜುಂ ಕೂಡ ಏರುತ್ತಾ ಹೋಯಿತು. ಎದುರುಮನೆಯಾಕೆಯನ್ನೂ ಕರೆತಂದು ಗುಂಡಿ ಒತ್ತಿಸಿದರು.

“ನಂಗೇನೂ ಅನ್ನಲಿಲ್ಲಪ್ಪ” ಎಂದರು ಆಕೆ.

“ನಿಂಗೆ ಹಾಡಿನ ರುಚಿ ಗೊತ್ತಿದ್ರಲ್ವೇನೆ ಅನ್ನಾದು! ಕಲ್ಲಿಗೆ ಹಾಡ್ದಂಗೆ.”

ನನಗೂ ಏನೂ ಅನ್ನಿಸಿರಲಿಲ್ಲ. ಹೇಳಿದರೆ ನನ್ನನ್ನೂ ಕಲ್ಲಿನ ಲೆಕ್ಕಕ್ಕೆ ಸೇರಿಸುತ್ತಾರೆಂದು ಸುಮ್ಮನಿದ್ದೆ.

ಆ ದಿನ ಬುಧವಾರ. ಏಳೂವರೆಯ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಮುದ್ದೆಗೆ ಹಿಟ್ಟು ತೊಳಸುತ್ತಿದ್ದೆ. ಎಂಟೂಕಾಲಿಗೆ ಬಸ್ಸು. ಅತ್ತೆ ಹಿತ್ತಲಲ್ಲಿ ಹಾಲಿನ ಪಾತ್ರೆ ತೊಳೆದು, ಒದ್ದೆ ಕಾಲಲ್ಲೇ ನಡುಮನೆಗೆ ಬಂದು, ಎಡಗೈಯಿಂದ ಪೆಟ್ಟಿಗೆಯ ಮೇಲಂಚು ಹಿಡಿದುಕೊಂಡು ಬಲಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ಹಾಡು ಶುರುವಾಯಿತು. ದಿನವೂ ಒತ್ತಿ ತಿರುಗಿ ನಡೆಯುವವರು ಅಂದು ಕದಲಲಿಲ್ಲ.

“ಅತ್ತೆ, ಸೌಂಡು ಜಾಸ್ತಿಯಾಯ್ತು” ಎಂದೆ. ಉತ್ತರವಿಲ್ಲ. ಕೋಲು ಹಿಡಿದೇ ಬಾಗಿಲಿಗೆ ಬಂದು ನೋಡಿದೆ. ಹಲ್ಲು ಕಚ್ಚಿದ್ದರು. ಕತ್ತಿನ ನರ ಉಬ್ಬಿತ್ತು. ಎಡಗೈಯ ನಾಲ್ಕು ಬೆರಳು ಡಬ್ಬದ ಅಂಚಿಗೆ ಬಿಗಿದು ತೋಳು ನಡುಗುತ್ತಿತ್ತು. ಕಣ್ಣು ಮಾತ್ರ ನನ್ನ ಕಡೆಗಿತ್ತು. ತಲೆಯ ಮೇಲೆ ಹೆಂಗಸರ ಗುಂಪು ಮದುಮಗಳನ್ನು ಚುಡಾಯಿಸುತ್ತಾ ನಗುನಗುತ್ತಾ ಹಾಡುತ್ತಿತ್ತು.

ನಾನು ನಿಂತೇ ಇದ್ದೆ. ಇದನ್ನೇ ಈಗಲೂ ದಿನಕ್ಕೊಮ್ಮೆ ನೆನೆಯುತ್ತೇನೆ. ಏನಾಗುತ್ತಿದೆ ಎಂದು ಆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳ ಕಾಲು ನೆಲಕ್ಕೆ ಅಂಟಿತ್ತು. ಮುಟ್ಟಬಾರದು ಎನ್ನುವುದೊಂದು ನೆನಪಾಯಿತು. ಕೈಯಲ್ಲಿ ಹಿಟ್ಟಿನ ಕೋಲಿತ್ತು. ತುದಿಗೆಲ್ಲ ಬಿಸಿ ಹಿಟ್ಟು ಮೆತ್ತಿತ್ತು. ತಿರುಗಿಸಿ ಒಣಗಿದ ಹಿಡಿಯನ್ನು ಮುಂದೆ ಮಾಡಿದೆ. ಅತ್ತೆಯ ಮುಂಗೈಗೆ ಒಂದು ಏಟು ಹಾಕಿದೆ. ಅದು ಏಟೇ ಅಲ್ಲ. ಮದುವೆಯಾದಾಗಿನಿಂದ ಎದುರು ನಿಂತು ಮಾತಾಡದ ಅತ್ತೆಗೆ ಹೊಡೆಯುವ ಕೈ ಅದಾಗಿರಲಿಲ್ಲ. ಕೈ ಬಿಡಲಿಲ್ಲ. ಎರಡನೆಯದನ್ನು ಕಣ್ಣು ಮುಚ್ಚಿ ಹಾಕಿದೆ. ಬೆರಳು ಬಿಟ್ಟಿತು. ಅತ್ತೆ ಹಿಂದಿದ್ದ ರಾಗಿ ಮೂಟೆಯ ಮೇಲೆ ಕುಸಿದು ಕೂತರು. ಅದೇ ಕೋಲಿನಿಂದ ಸ್ವಿಚ್ಚು ತಟ್ಟಿದೆ. ಹಾಡು ಎರಡನೆಯ ಸಾಲಿನ ನಡುವೆ ನಿಂತಿತು. ಆಮೇಲೆ ಒಂದು ದಿನ ಅದೇ ಹಾಡನ್ನು ಫೋನಿನಲ್ಲಿ ಹಾಕಿ ಅಲ್ಲಿಯವರೆಗೆ ಎಷ್ಟಾಗುತ್ತದೆ ಎಂದು ಅಳೆದಿದ್ದೇನೆ. ಏಳು ಸೆಕೆಂಡು. ನನ್ನ ನೆನಪಿನಲ್ಲಿ ಅದು ಇಡೀ ಹಾಡಿನಷ್ಟು ಉದ್ದವಿದೆ.

ಇಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದಿದ್ದ ಎದುರುಮನೆಯಾಕೆ ಹೊಸ್ತಿಲಲ್ಲಿ ನಿಂತಿದ್ದರು. ಆಕೆ ಕಂಡದ್ದು ಇಷ್ಟೇ: ಅತ್ತೆ ಮೂಟೆಯ ಮೇಲೆ ಬಿದ್ದಿದ್ದಾರೆ, ಸೊಸೆ ಕೋಲೆತ್ತಿ ನಿಂತಿದ್ದಾಳೆ.

“ಅಯ್ಯಯ್ಯಪ್ಪೋ! ಓದಿರೋ ಸೊಸೆ ಅತ್ತೇಗೆ ಹಿಟ್ಟಿನ ಕೋಲಲ್ಲಿ ಬಡೀತಾವ್ಳಲ್ಲಪ್ಪೋ!” ಎಂದು ಬಟ್ಟಲು ಬಿಟ್ಟು ಬೀದಿಗೆ ಓಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಬಸ್ ಸ್ಟಾಪು ಮುಟ್ಟಿತ್ತು.

ಅತ್ತೆ ಉಸಿರು ಎಳೆದುಕೊಂಡರು. ಒಮ್ಮೆ, ಇನ್ನೊಮ್ಮೆ. ಆಮೇಲೆ ಸಣ್ಣ ದನಿಯಲ್ಲಿ, “ಹಿಟ್ಟು ಸೀದೋಗ್ತಾ ಐತೆ ನೋಡು” ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ. ಒಲೆ ಆರಿಸಿದ್ದೂ ನಾನಲ್ಲ. ನನ್ನನ್ನು ಹಿಡಿಯಲು ಬಂದ ಜನರಲ್ಲಿ ಯಾರೋ ಒಬ್ಬರು.

ವಿಷಯ ತಿಳಿದ ಮೇಲೆ ಅದೇ ಜನ ಅತ್ತೆಯನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿ ಕೊರಟಗೆರೆಯ ಆಸ್ಪತ್ರೆಗೆ ಕರೆದೊಯ್ದರು. ಎದೆಗೆ ವೈರುಗಳನ್ನು ಅಂಟಿಸಿ ಇಸಿಜಿ ತೆಗೆಯುವಾಗ ಅತ್ತೆ, “ಇನ್ನೊಂದ್ಸಲ ಕರೆಂಟಾ?” ಎಂದು ಎದ್ದು ಕೂತರು. ಎದೆಬಡಿತ ಸರಿಯಿತ್ತು. ಬೆರಳಲ್ಲಿ ಸಣ್ಣ ಸುಟ್ಟ ಗುರುತು. ಡಾಕ್ಟರಮ್ಮ ಮುಂಗೈ ನೋಡಿ, “ಈ ಬಾಸುಂಡೆ ಕರೆಂಟಿನದ್ದಾ ಅಜ್ಜಿ?” ಎಂದರು.

“ಅದು ಕರೆಂಟಲ್ಲ, ನನ್ ಸೊಸೆ. ಕರೆಂಟಿಗಿಂತ ಬಿರುಸು ಇವ್ಳು” ಎಂದರು ಅತ್ತೆ. ವಾರ್ಡಿನವರೆಲ್ಲ ನಕ್ಕರು. ನಾನೂ ನಕ್ಕೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಪಾವಗಡದಿಂದ ಬಂದರು. ತಾಯಿಯನ್ನು ಮಾತಾಡಿಸಿ, ಮನೆಗೆ ಬಂದು, ಪ್ಲಗ್ಗಿನ ಮೊಂಡು ಕಡ್ಡಿಯನ್ನು ಹೆಬ್ಬೆರಳಲ್ಲಿ ಸವರುತ್ತಾ ಬಹಳ ಹೊತ್ತು ಕೂತರು. ಆ ದಿನದಿಂದ ಏಂ ಕಾದು ಎನ್ನುವ ಮಾತು ಅವರ ಬಾಯಲ್ಲಿ ಬಂದಿಲ್ಲ. ನಾನು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿ ಮೇಲೊಂದು ಗೋಣಿತಾಟು ಮುಚ್ಚಿಸಿದೆ.

ನಾಲ್ಕನೆಯ ದಿನ ಅತ್ತೆ ಸೊಪ್ಪಿನ ಮೊರ ಮುಂದಿಟ್ಟುಕೊಂಡು ಕೇಳಿದರು. “ಪೆಟ್ಟಿಗೆ ಯಾವಾಗ ಇಳಿಸ್ತೀರ?”

“ಇಳಿಸಲ್ಲ ಅತ್ತೆ.”

“ಯಾಕೆ?”

“ಯಾಕೆ ಅಂದ್ರೆ? ಸಾಯ್ತಿದ್ರಿ ನೀವು!”

“ಸತ್ನಾ? ಇಲ್ಲೇ ಕೂತಿಲ್ವಾ? ಬಾವೀಲ್ ಒಂದ್ಸಲ ಬಿದ್ದಿದ್ದೆ. ನೀರು ಸೇದೋದು ಬುಟ್ನಾ?” ಎಂದು ಮೊರವನ್ನು ಸರಿಸಿದರು. “ನೀನು ಹೆದರ್ಕೊಂಡಿದೀಯ. ಅದಕ್ಕೆ ನಾನ್ಯಾಕೆ ಹಾಡು ಬುಡ್ಬೇಕು?”

ನನಗೆ ಬೇಕಿದ್ದದ್ದು ಅತ್ತೆಯ ಜೀವ. ಅತ್ತೆಗೆ ಬೇಕಿದ್ದದ್ದು ಅತ್ತೆಯ ಹಾಡು. ಎರಡೂ ಒಂದೇ ಗೂಡಿನಲ್ಲಿ ಇರುವುದಾದರೆ ಮಾತ್ರ ಪೆಟ್ಟಿಗೆ ಇಳಿಯಲಿ ಎಂದು ಹೇಳಿ, ನಮ್ಮ ಶಾಲೆಗೆ ವೈರಿಂಗ್ ಮಾಡಿದ್ದ ಸಿರಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ನರೆತ ಗಡ್ಡದ, ಮೆಲುಮಾತಿನ ಮನುಷ್ಯ. ಶಾಲೆಯಲ್ಲಿ ಎಲ್ಲರೂ ಭಾಯ್ ಎನ್ನುತ್ತೇವೆ.

ಭಾಯ್ ಡಬ್ಬ ಬಿಚ್ಚಿ ಒಳಗೆ ಟಾರ್ಚ್ ಹಿಡಿದರು. ಆಂಪ್ಲಿಫೈಯರಿಗೆ ಹೋಗುವ ವೈರಿಗೆ ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೂ ಡಬ್ಬದ ಕಾವಿಗೂ ಅಂಟು ಬಿಟ್ಟು ದಿನದಿನಕ್ಕೆ ಜಾರುತ್ತಾ ಬಂದಿತ್ತು. ಕೊನೆಗೆ ತಾಮ್ರ ನೇರವಾಗಿ ಕಬ್ಬಿಣಕ್ಕೆ ತಗುಲಿತ್ತು. “ಅರ್ತಿಂಗ್ ಇದ್ದಿದ್ರೆ ಅಲ್ಲೇ ಫ್ಯೂಸ್ ಹೋಗ್ತಿತ್ತು. ನೀವು ಅದರ ದಾರೀನೇ ಕುಯ್ದುಬಿಟ್ಟಿದೀರಲ್ಲ ಸಾರ್” ಎಂದು ನನ್ನ ಗಂಡನ ಮುಖ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಇದು ಒಂದೇ ದಿನಕ್ಕೆ ಆಗೋದಲ್ಲಮ್ಮ. ಮೊದ್ಲಿಂದ ಸ್ವಲ್ಪ ಸ್ವಲ್ಪ ಬರ್ತಿರ್ಬೇಕು. ಮುಟ್ಟಿದ್ರೆ ಜುಂ ಅಂತಿರ್ಲಿಲ್ವಾ?” ಎಂದರು.

ನಾನು ಗಂಡನ ಮುಖ ನೋಡಿದೆ, ಅವರು ಗೋಡೆ ನೋಡಿದರು. ಸೌಂಡ್ ಕ್ವಾಲಿಟಿ!

“ಅಂಗಾದ್ರೆ ನಂಗೆ ಜುಂ ಅಂದಿದ್ದು ಹಾಡಲ್ವಾ ಸಾಬ್ರೇ?” ಎಂದರು ಅತ್ತೆ. ಆಸ್ಪತ್ರೆಯಲ್ಲೂ ಕುಗ್ಗದ ಮುಖ ಆಗ ಕುಗ್ಗಿತು.

“ಹಾಡಲ್ಲಮ್ಮ, ಕರೆಂಟು. ನಿಮ್ ನಸೀಬ್ ಚೆನ್ನಾಗೈತೆ, ಉಳ್ಕೊಂಡ್ರಿ. ಬರಿಗಾಲು, ಒದ್ದೆ ನೆಲ. ಅದಕ್ಕೇ ನಿಮಗೊಬ್ರಿಗೇ ಬಡೀತಿತ್ತು. ಚಪ್ಪಲಿ ಹಾಕ್ಕೊಂಡು ಮುಟ್ಟಿದವರಿಗೆ ಗೊತ್ತಾಗ್ತಿರ್ಲಿಲ್ಲ.”

ಹಿಮ್ಮಡಿ ನೋವಿಗೆಂದು ನಾನು ಮನೆಯೊಳಗೂ ಚಪ್ಪಲಿ ಹಾಕುತ್ತೇನೆ. ಎದುರುಮನೆಯಾಕೆಗೂ ಅದೇ ನೋವು, ಅದೇ ಹವಾಯಿ ಚಪ್ಪಲಿ. ಬಾಗಿಲಲ್ಲಿ ಕೂತು ಎಲ್ಲ ಕೇಳುತ್ತಿದ್ದ ಆಕೆ ಎದ್ದು ನಿಂತರು. “ಕೇಳುಸ್ಕೊಂಡ್ಯಾ ಅಕ್ಕಯ್ಯ? ಹಾಡಿನ ರುಚಿ ಗೊತ್ತಿಲ್ಲ, ಕಲ್ಲು ಅಂತಿದ್ದೆ. ನನ್ ಚಪ್ಲಿಗೆ ಗೊತ್ತಿತ್ತು ಕಣೆ ರುಚಿ!”

ಭಾಯ್ ಎರಡು ದಿನ ಕೆಲಸ ಮಾಡಿದರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡಿ ತೆಗೆದು ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ಮಣ್ಣು ಮುಚ್ಚಿದರು. ಮೂರು ತೂತಿನ ಬೋರ್ಡು, ಹೊಸ ವೈರು ಬಂತು. ಕರೆಂಟು ಸ್ವಲ್ಪ ಸೋರಿದರೂ ತಾನೇ ಆಫ್ ಆಗುವ ಬ್ರೇಕರನ್ನೂ ಹಾಕಿದರು. ಆಂಪ್ಲಿಫೈಯರನ್ನು ಡಬ್ಬದಿಂದ ಕಿತ್ತು ಬೇರೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂರಿಸಿದರು. ಕೊನೆಗೆ ಟೆಸ್ಟರ್ ಇಟ್ಟು ನೋಡಿ, ಅಂಗೈ ಮಗುಚಿ ಡಬ್ಬಕ್ಕೆ ತಾಗಿಸಿ, “ಈಗ ಯಾರು ಬೇಕಾದ್ರೂ ಮುಟ್ಟಿ” ಎಂದರು. ಯಾರಿಗೂ ಮೊದಲು ಮುಟ್ಟಲು ಬಿಡದೆ ನಾನೇ ಮುಟ್ಟಿದೆ. ಚಪ್ಪಲಿ ಬಿಟ್ಟು ಮುಟ್ಟಿದೆ. ಡಬ್ಬ ತಣ್ಣಗಿತ್ತು.

ಅತ್ತೆ ಗುಂಡಿ ಒತ್ತಿದರು. ಹಾಡು ಬಂತು. ಕೈಯನ್ನು ಡಬ್ಬದ ಮೇಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದರು. “ಸಪ್ಪೆ” ಎಂದು ಒಳಗೆ ಹೋದರು.

ವಾರವೆಲ್ಲ ಸಪ್ಪೆಯೇ. ಗುಂಡಿ ಒತ್ತುವುದು, ಸ್ವಲ್ಪ ಕೇಳುವುದು, ನಿಲ್ಲಿಸುವುದು. ಇಷ್ಟು ದಿನ ತಾನು ಹಾಡು ಕೇಳಿಯೇ ಇರಲಿಲ್ಲವೇನೋ ಎಂಬ ಅನುಮಾನ ಅವರಿಗೆ. ಜೀವ ಉಳಿದ ಸಂತೋಷಕ್ಕಿಂತ ಆ ಅವಮಾನವೇ ದೊಡ್ಡದಾಗಿತ್ತು. ನಾನು ಏನು ಹೇಳಿದರೂ “ನೀನು ಬುಡಮ್ಮ, ನೀನೂ ಚಪ್ಲಿಯೋಳು” ಎನ್ನುತ್ತಿದ್ದರು.

ನನ್ನ ಹೆದರಿಕೆಯೂ ಹೋಗಿರಲಿಲ್ಲ. ಶಾಲೆಗೆ ಹೊರಟರೆ ಮನಸ್ಸು ಆ ಗೂಡಿನ ಮುಂದೆಯೇ ನಿಂತಿರುತ್ತಿತ್ತು. ಅದನ್ನು ಕಂಡು ನನ್ನ ಗಂಡ ನನ್ನ ಫೋನಿನಲ್ಲೂ ಮನೆಯ ಸರ್ವರ್ ಕಾಣುವಂತೆ ಮಾಡಿಕೊಟ್ಟರು. ಈಗ ಮನೆಯಲ್ಲಿ ಯಾವ ಹಾಡು ಓಡುತ್ತಿದೆ, ಎಲ್ಲಿಗೆ ಬಂದಿದೆ ಎಂದು ಸ್ಟಾಫ್ ರೂಮಿನಲ್ಲೇ ನೋಡಬಹುದು. ಪೀರಿಯಡ್ ಮುಗಿದ ಕೂಡಲೇ ತೆರೆಯುತ್ತೇನೆ. ‘ಸೊಪ್ಪು ಬಿಡಿಸೋವಾಗ’ ಎಂದು ತೋರಿಸಿದರೆ ಅತ್ತೆ ಸೊಪ್ಪು ಬಿಡಿಸುತ್ತಿದ್ದಾರೆ. ಹಾಡಿನ ಕೆಳಗಿನ ಗೆರೆ ಮುಂದೆ ಸರಿಯುತ್ತಿದ್ದರೆ ಎಲ್ಲ ಸರಿಯಾಗಿದೆ. ಜೊತೆಯ ಮೇಷ್ಟರುಗಳು ನಾನು ಷೇರು ಮಾರ್ಕೆಟ್ ನೋಡುತ್ತೇನೆಂದು ತಿಳಿದಿದ್ದಾರೆ.

ಮೊನ್ನೆ ಮೂರನೆಯ ಪೀರಿಯಡ್ ಮುಗಿಸಿ ನೋಡಿದರೆ ಒಂದು ಸೋಬಾನೆ ಅರ್ಧಕ್ಕೆ ನಿಂತಿತ್ತು. ಕಾದೆ. ಅಲುಗಲಿಲ್ಲ. ಅತ್ತೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಆ ಏಳು ಸೆಕೆಂಡು ಮತ್ತೆ ಕಣ್ಣ ಮುಂದೆ ಬಂತು. ಒದ್ದೆ ಕಾಲು, ಬಿಗಿದ ಬೆರಳು. ಹೆಡ್ ಮಾಸ್ಟರಿಗೆ ಹೇಳಿ ಹೊರಡಲೆಂದು ಬ್ಯಾಗು ಎತ್ತಿಕೊಂಡು ಮೂರನೆಯ ಸಲ ಒತ್ತಿದೆ. ಎತ್ತಿದರು.

“ಏನಮ್ಮಾ ನಿಂದು?” ಎಂದು ರೇಗಿದರು.

“ಅತ್ತೆ! ಹಾಡ್ಯಾಕೆ ನಿಂತೈತೆ? ಏನಾಯ್ತು?”

“ನಾನೇ ನಿಲ್ಸಿದೀನಿ. ಆ ಹಾಡಲ್ಲಿ ಮದುಮಗಳಿಗೆ ಎಣ್ಣೆ ಒತ್ತೋ ಸಾಲು ಬುಟ್ಬುಟ್ಟವ್ರೆ ಕಣಮ್ಮ, ನಾವೇ ಹಾಡಿರಾದು, ನಾವೇ ಬುಟ್ಟಿರಾದು! ಇಷ್ಟ್ ದಿನ ಕೇಳೀನಿ, ಗೊತ್ತೇ ಆಗ್ಲಿಲ್ಲ. ಇವತ್ತು ಕಿವೀಗ್ ಬಿತ್ತು. ಇವ್ಳಿಗೆ ಹೇಳ್ಕೊಡ್ತಾ ಇವ್ನಿ, ಕಲ್ಲಿಗೆ.” ಹಿಂದಿನಿಂದ ಎದುರುಮನೆಯಾಕೆ ಏನೋ ತಿರುಗಿ ಬೈದದ್ದು ಕೇಳಿಸಿತು. “ನೀನು ಫೋನ್ ಇಡು. ರಾಗ ಬುಟ್ಟೋಯ್ತದೆ.”

ಇಟ್ಟೆ. ಬ್ಯಾಗನ್ನು ಮತ್ತೆ ಕುರ್ಚಿಗೆ ತಗುಲಿಹಾಕಿ ಫೋನ್ ನೋಡುತ್ತಾ ಕೂತೆ. ಹಾಡು ನಿಂತೇ ಇತ್ತು. ನಾಲ್ಕನೆಯ ಪೀರಿಯಡ್ಡಿನ ಬೆಲ್ ಹೊಡೆಯಿತು, ಇನ್ನೂ ನಿಂತೇ ಇತ್ತು. ನಾನು ಸೀಮೆಸುಣ್ಣ ತೆಗೆದುಕೊಂಡು ಕ್ಲಾಸಿಗೆ ಹೋದೆ.